ಡ್ರಾಯಿಂಗ್ ಪೀರಿಯಡ್‌ನಲ್ಲಿ ಆಟ ಯಾಕೆ ಆಡಿಸ್ತೀನಿ?

"ಮಿಸ್, ಡ್ರಾಯಿಂಗ್ ಕಲಿಸೋದು ಬಿಟ್ಟು ಸುಮ್ನೆ ಆಟ ಆಡಿಸ್ತೀರಂತೆ?" ಪೇರೆಂಟ್ಸ್ ಮೀಟಿಂಗ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಪೋರ್ಷನ್ ಮುಗಿದಿಲ್ಲ ಅಂತ ಗಣಿತದವರು ನನ್ನ ಪೀರಿಯಡ್ ತಗೊಂಡಾಗ ಮಾತ್ರ ಯಾರೂ ಬಂದು ಕೇಳಿದ್ದಿಲ್ಲ.

ನೀವೇ ಒಮ್ಮೆ ಬಂದು ಏಳನೇ ಕ್ಲಾಸಿಗೆ "ನಿಮಗೆ ಬೇಕಾದ ಚಿತ್ರ ಬರೀರಿ" ಅಂತ ಹೇಳಿ ನೋಡಿ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಸೀದಾ ಇಳಿಯುವ ಹೊಳೆ, ದಡದಲ್ಲಿ ಗುಡಿಸಲು, ಒಂದು ತೆಂಗಿನ ಮರ. ಎಲ್ಲರದೂ ಇದೇ. ನಮ್ಮದು ದಾವಣಗೆರೆ. ಗುಡ್ಡದ ಸಂದಿಯಿಂದ ಸೂರ್ಯ ಹುಟ್ಟೋದನ್ನು ಇಲ್ಲಿ ಯಾರು ನೋಡಿದ್ದಾರೋ! ಬೇಕಾದ್ದು ಬರೀರಿ ಅಂದರೆ ಕೈ ರೂಢಿಯಾದದ್ದನ್ನೇ ಬರೆಯುತ್ತದೆ. ಆ ರೂಢಿ ತಪ್ಪಿಸೋಕೇ ಆಟ.

ಒಂದು ಆಟ ಹೀಗಿದೆ. ಹಾಳೆಯನ್ನು ಮೂರು ಭಾಗವಾಗಿ ಮಡಚಬೇಕು. ಮೊದಲನೆಯವಳು ತಲೆ ಬರೆದು, ಕುತ್ತಿಗೆಯ ಎರಡು ಗೆರೆಗಳನ್ನು ಮಡಿಕೆ ದಾಟಿ ಚೂರು ಕೆಳಗೆ ಎಳೆದು, ತಲೆ ಮುಚ್ಚಿ ಪಕ್ಕದವನಿಗೆ ಕೊಡುತ್ತಾಳೆ. ಅವನಿಗೆ ಕಾಣುವುದು ಆ ಎರಡು ಗೆರೆ ಮಾತ್ರ. ಅದನ್ನೇ ಹಿಡಿದು ಹೊಟ್ಟೆ ಬರೆಯಬೇಕು. ಮೂರನೆಯವರದು ಕಾಲು. ಬಿಚ್ಚಿದರೆ ಹುಂಜದ ತಲೆ, ಗ್ಯಾಸ್ ಸಿಲಿಂಡರ್ ಹೊಟ್ಟೆ, ಆಟೋ ಚಕ್ರ! ಇದು ನಾನು ಕಂಡುಹಿಡಿದದ್ದಲ್ಲ ಸ್ವಾಮಿ. 1925ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆಟನ್ ಮತ್ತವರ ಸರ್ರಿಯಲಿಸ್ಟ್ ಗೆಳೆಯರು (ಕನಸಿನಂಥ ವಿಚಿತ್ರ ಜೋಡಣೆಗಳಲ್ಲೇ ಕಲೆ ಹುಡುಕಿದವರು) ಮೊದಲು ಪದಗಳಲ್ಲಿ, ಆಮೇಲೆ ಚಿತ್ರದಲ್ಲಿ ಆಡಿದ ಆಟ. ದೊಡ್ಡವರು ಆಡಿದರೆ ಕಲೆ, ಮಕ್ಕಳು ಆಡಿದರೆ ಟೈಮ್‌ಪಾಸ್, ಅಲ್ವಾ?

ಆಟ ಮುಗಿದ ಮೇಲೆ ಏನು ಮಾಡಿಸ್ತೀರಿ ಅಂತ ಯಾರಾದರೂ ಕೇಳಿದ್ದರೆ ಕೂರಿಸಿ ಕಾಫಿ ಕೊಡುತ್ತಿದ್ದೆ. ಯಾಕಂದರೆ ಹುಂಜ-ಸಿಲಿಂಡರ್‌ನಂಥವು ಹೆಚ್ಚಿನವು ನಗು ಮುಗಿದ ಮೇಲೆ ಕಸದ ಬುಟ್ಟಿಗೇ. ನಗು ಬಂದದ್ದೆಲ್ಲ ಐಡಿಯಾ ಅಲ್ಲ. ನನ್ನ ಕೆಲಸ ಶುರುವಾಗೋದು ಆಮೇಲೆ.

ಚೀಟಿ ಆಟವನ್ನೇ ತಗೊಳ್ಳಿ. ಒಂದು ಡಬ್ಬಿಯಲ್ಲಿ ವಸ್ತುಗಳ ಹೆಸರು, ಇನ್ನೊಂದರಲ್ಲಿ ಮನುಷ್ಯರು ಮಾಡುವ ಕೆಲಸ. ಒಬ್ಬ ಹುಡುಗನಿಗೆ 'ಚೀಲ', 'ನಿದ್ದೆ' ಬಂತು. ಚೀಲಕ್ಕೆ ಮುಚ್ಚಿದ ಕಣ್ಣು, ಮೀಸೆ ಬರೆದ. ಕ್ಲಾಸೆಲ್ಲ ನಕ್ಕಿತು.

"ಚೀಲದ ಹತ್ತಿರ ಮಲಗಿದವರನ್ನು ಎಲ್ಲಾದರೂ ನೋಡಿದ್ದೀಯೇನೋ?" ಎಂದೆ.

"ನಮ್ಮಪ್ಪ ಮಿಸ್, ಮಂಡಕ್ಕಿ ಭಟ್ಟೀಲಿ."

ಎರಡನೇ ಹಾಳೆಯಲ್ಲಿ ಸಾಲು ಚೀಲ, ಅದರ ಮೇಲೆ ಅಡ್ಡ ಮಲಗಿದ ಅಪ್ಪ, ಹಿಂದೆ ಹೊಗೆ ಹಿಡಿದ ಗೋಡೆ. ಗೋಡೆಯ ಕಪ್ಪಿಗೆ ಪೆನ್ಸಿಲ್ ಸಾಲದೆ ಮನೆಯಿಂದ ಇದ್ದಿಲು ತಂದು ತಿಕ್ಕಿದ್ದ. ಅವರಮ್ಮ ನೋಡಿ, "ಸೀನರಿ ಬರೆಸಿ ಮಿಸ್, ಹಾಲ್‌ನಲ್ಲಿ ಹಾಕೋಕೆ ಚೆನ್ನಾಗಿರುತ್ತೆ" ಎಂದರು.

ಅಂದಹಾಗೆ, ಆ ಚಿತ್ರದಲ್ಲಿ ಅಪ್ಪನ ಕಾಲು ಉದ್ದ ಜಾಸ್ತಿ, ಕೈ ಗಿಡ್ಡ. ಅದನ್ನು ಸರಿ ಮಾಡೋಕೆ ಯಾವ ಆಟವೂ ಇಲ್ಲ. ಗೆಳೆಯನನ್ನು ಬೆಂಚಿನ ಮೇಲೆ ಮಲಗಿಸಿ, ನೋಡಿ ನೋಡಿ ಬರೆಯಬೇಕು. ಅದನ್ನೂ ನಾನೇ ಕಲಿಸೋದು.