ಗಿಡ ಕೀಳುವ ಮೊದಲಿನ ಒಂದು ವರ್ಷ

ನಮ್ಮ ಮನೆಯ ತಾರಸಿಗೆ ಬೋನ್ಸಾಯ್ ನೋಡಲು ಬಂದವರು ಮೊದಲು ಕೇಳುವುದು, ಇಷ್ಟು ದಪ್ಪ ಬುಡ ಬರಲು ಎಷ್ಟು ವರ್ಷ ಬೇಕು ಎಂದು. ಇವುಗಳಲ್ಲಿ ಕೆಲವು ನಾನು ಬೆಳೆಸಿದವಲ್ಲ, ಹೊರಗೆ ತಾವಾಗಿ ಬೆಳೆದಿದ್ದವನ್ನು ಬೇರುಸಮೇತ ಎಬ್ಬಿಸಿ ತಂದದ್ದು ಎಂದು ತಿಳಿದ ಕೂಡಲೇ ಅವರ ಮುಖ ಅರಳುತ್ತದೆ, ಎರಡನೆಯ ಪ್ರಶ್ನೆ ಬರುತ್ತದೆ: “ಹಾಗಾದರೆ ನಾವೂ ಈ ಭಾನುವಾರ ಕಾಡಿಗೆ ಹೋಗಿ ಒಂದನ್ನು ಕಿತ್ತು ತರಬಹುದಲ್ಲ? ಏನೇನು ತೆಗೆದುಕೊಂಡು ಹೋಗಬೇಕು?” ಕಾಡಿಗೆ ಹೋಗಬೇಡಿ, ಈ ಭಾನುವಾರವಂತೂ ಎಲ್ಲಿಗೂ ಹೋಗಬೇಡಿ ಎಂಬುದು ನನ್ನ ಉತ್ತರ. ಅದು ಒರಟಾಗಿ ಕೇಳಿಸುವುದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಿಸರ್ಗದಿಂದ ಎತ್ತಿ ತಂದ ಗಿಡವನ್ನು ಜಪಾನೀಯರು ಯಮದೋರಿ ಎನ್ನುತ್ತಾರೆ. ಯಮ ಎಂದರೆ ಬೆಟ್ಟ. ಗಾಳಿ, ಹಿಮ ಮತ್ತು ಬಂಡೆಯ ಬಿರುಕಿನ ಬಡತನ ಸೇರಿ ಜುನಿಪರ್ ಎಂಬ ಸೂಜಿಎಲೆಯ ಜಾತಿಯ ಒಂದು ಗಿಡವನ್ನು ನೂರಾರು ವರ್ಷ ಮೊಣಕಾಲೆತ್ತರದಲ್ಲಿಯೇ ಹಿಡಿದಿಟ್ಟಿರುತ್ತವೆ. ಜಪಾನಿನ ಶಿಕೊಕು ದ್ವೀಪದ ಇಶಿಜುಚಿ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಇಂತಹ ಶಿಂಪಾಕು ಜುನಿಪರ್‌ಗಳಿದ್ದವು. ಹಗ್ಗ ಕಟ್ಟಿಕೊಂಡು ಇಳಿದು ಅವನ್ನು ಕಿತ್ತು ಮಾರುವುದನ್ನೇ ಕಸುಬಾಗಿಸಿಕೊಂಡವರೂ ಇದ್ದರು. ಕಿತ್ತು ಕಿತ್ತು ಅಲ್ಲಿ ಉಳಿದದ್ದು ಬಹಳ ಕಡಿಮೆ. ನಮ್ಮಲ್ಲಿ ಹಿಮವಿಲ್ಲ, ಆದರೆ ಅದೇ ಕೆಲಸವನ್ನು ಮೇಕೆಯೂ ಮಚ್ಚೂ ಮಾಡುತ್ತವೆ. ಹೊಲದ ಬದುವಿನ ಹುಣಸೆ ಗಿಡವನ್ನು ವರ್ಷ ವರ್ಷ ಮೇಕೆಗಳು ಮೇದು, ರೈತರು ಸವರಿ, ಮೇಲೆ ಮಾರುದ್ದವೂ ಏಳದಂತೆ ಮಾಡಿದಾಗ ಕೆಳಗೆ ಬುಡ ತೊಡೆಯಷ್ಟು ದಪ್ಪವಾಗಿರುತ್ತದೆ. ಬೋನ್ಸಾಯ್ ಮಾಡುವವನಿಗೆ ಬೇಕಾದದ್ದು ಆ ಬುಡ.

ಮೊದಲ ಸಿದ್ಧತೆ ಅನುಮತಿ. ಮೀಸಲು ಅರಣ್ಯದ ಗಿಡವನ್ನು ಅನುಮತಿಯಿಲ್ಲದೆ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದರ ಜೊತೆಗೆ ಸೇರುತ್ತದೆ. ಗೋಮಾಳದ ಗಿಡ ಯಾರದ್ದೂ ಅಲ್ಲ ಎಂದು ಹಲವರು ತಿಳಿದಿದ್ದಾರೆ, ಆದರೆ ಗೋಮಾಳ ಸರ್ಕಾರದ ಭೂಮಿ. ದೇವರಕಾಡಿನ ವಿಷಯದಲ್ಲಿ ಕಾನೂನಿಗಿಂತ ಮೊದಲು ಊರವರೇ ನಿಮ್ಮನ್ನು ತಡೆಯುತ್ತಾರೆ, ತಡೆಯುವುದು ಸರಿಯೂ ಹೌದು. ಖಾಸಗಿ ಜಾಗದ ಗಿಡ ದೊಡ್ಡದಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ. ಶ್ರೀಗಂಧದ ಗಿಡ ಸಿಕ್ಕಿದೆ ಎಂದು ಯಾರಾದರೂ ಕರೆ ಮಾಡಿದರೆ ನಾನು ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತೇನೆ. 2001ರ ತಿದ್ದುಪಡಿಯ ನಂತರ ಮರ ಜಮೀನಿನ ಒಡೆಯನದಾದರೂ ಅದನ್ನು ತೆಗೆಯಲು ಇಲಾಖೆಯ ಅನುಮತಿ ಬೇಕೇ ಬೇಕು. ಅದಕ್ಕಿಂತ ಹೆಚ್ಚಾಗಿ, ಪಕ್ಕದ ಗಿಡಗಳ ಬೇರಿನಿಂದ ಆಹಾರ ಹೀರಿ ಬದುಕುವ ಗಂಧ ಕುಂಡದಲ್ಲಿ ಒಂಟಿಯಾಗಿ ಬಾಳುವುದೂ ಇಲ್ಲ.

ಹಾಗಾದರೆ ಗಿಡ ಸಿಗುವುದೆಲ್ಲಿ? ಹೇಗಿದ್ದರೂ ಸಾಯಲಿರುವ ಗಿಡಗಳಲ್ಲಿ. ಕೆಡವಲಿರುವ ಹಳೆಯ ಮನೆಯ ಕಾಂಪೌಂಡಿನಲ್ಲಿ ಮೂವತ್ತು ವರ್ಷದ ಬೋಗನ್‌ವಿಲ್ಲಾ ಇರುತ್ತದೆ; ಜೆಸಿಬಿ ಬರುವ ಮೊದಲು ಮನೆಯವರನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ. ಕಾಫಿ ತೋಟದ ಅಂಚಿನಲ್ಲಿ ಕಡಿದು ಕಡಿದು ಗಂಟಾದ ಲಂಟಾನದ ಬುಡಗಳಿರುತ್ತವೆ. ಹೊರಗಿನಿಂದ ಬಂದು ನಮ್ಮ ಕಾಡುಗಳನ್ನೆಲ್ಲ ಆವರಿಸಿಕೊಂಡಿರುವ ಈ ಗಿಡವನ್ನು ಕಿತ್ತರೆ ತೋಟದ ಮಾಲೀಕರು ಎದುರಿಗೆ ಕಾಫಿ ತಂದಿಡುತ್ತಾರೆ. ಅದೇ ತೋಟದಲ್ಲಿ ಕಿತ್ತೆಸೆದ ಮುದಿ ಅರೇಬಿಕಾ ಗಿಡದ ಬುಡವೂ ಆಸೆ ಹುಟ್ಟಿಸುತ್ತದೆ, ಆದರೆ ಅದನ್ನು ಕಿತ್ತದ್ದು ಬಿಳಿ ಕಾಂಡಕೊರಕ ಹುಳುವಿನ ದೆಸೆಯಿಂದಲೋ ಎಂದು ವಿಚಾರಿಸದೆ ಮುಟ್ಟಬಾರದು. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಹಕ್ಕಿಗಳು ಹಿಕ್ಕೆಯಲ್ಲಿ ಬೀಜ ಹಾಕಿ ಗೋಡೆ ಬಾವಿಗಳಲ್ಲಿ ಹುಟ್ಟಿಸುವ ಅರಳಿ, ಬಸರಿ, ಗೋಣಿ ಮತ್ತು ಅತ್ತಿ. ಗೋಡೆ ಬಿರುಕು ಬಿಡುತ್ತದೆಂದು ಮನೆಯವರು ಅವಕ್ಕೆ ಆಸಿಡ್ ಹಾಕುವುದುಂಟು. ಅರಳಿಯನ್ನು ಕಡಿಯಲು ಮಾತ್ರ ಕೈ ಬರುವುದಿಲ್ಲ. ಬದುಕಿಸಿಕೊಳ್ಳುತ್ತೇನೆ ಎಂದವನಿಗೆ ಕೊಟ್ಟು ಹಗುರಾಗುತ್ತಾರೆ.

ಗಿಡ ಸಿಕ್ಕಿತೆಂದರೆ ಅಂದೇ ಹಾರೆ ಹಿಡಿಯುವ ಆತುರವನ್ನು ನಾನು ಒಮ್ಮೆ ತೋರಿಸಿದ್ದೇನೆ. ಮೊದಮೊದಲು ಬದುವಿನ ಹುಣಸೆಯೊಂದನ್ನು ಡಿಸೆಂಬರಿನ ಒಂದು ಭಾನುವಾರ ಕಿತ್ತು ತಂದೆ. ಕೈಗೆ ಬಂದದ್ದು ಒಂದು ತಾಯಿಬೇರಿನ ಮೋಟು ಮತ್ತು ಎರಡು ಹಗ್ಗದಂತಹ ಬೇರುಗಳು. ಕೂದಲಿನಷ್ಟು ಸಣ್ಣ ಬೇರು ಒಂದೂ ಇರಲಿಲ್ಲ. ಆದರೂ ಕೆಲವು ವಾರಗಳಲ್ಲಿ ಬುಡದ ತುಂಬ ಚಿಗುರು ಒಡೆಯಿತು. ನಾನು ಗೆದ್ದೆನೆಂದುಕೊಂಡು ಅದನ್ನು ಬಿಸಿಲಿಗೆ ಸರಿಸಿ, ಗೊಬ್ಬರವನ್ನೂ ಕೊಟ್ಟೆ. ಫೆಬ್ರವರಿಯಲ್ಲಿ ಎಲ್ಲ ಚಿಗುರೂ ಒಂದೇ ವಾರದಲ್ಲಿ ಬಾಡಿತು. ಕುಂಡ ಬೋರಲು ಹಾಕಿ ನೋಡಿದರೆ ಬೇರು ಇಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು, ತುದಿಗಳು ಮಾತ್ರ ಕಪ್ಪಾಗಿದ್ದವು. ಆ ಚಿಗುರು ಕಾಂಡದಲ್ಲಿ ಉಳಿದಿದ್ದ ದಾಸ್ತಾನಿನಿಂದ ಬಂದದ್ದು, ಬೇರಿನಿಂದಲ್ಲ ಎಂಬುದು ಅಂದು ತಿಳಿಯಿತು.

ಆದ್ದರಿಂದ ಈಗ ನಾನು ಹೊಸ ಬೇರನ್ನು ಗಿಡ ಇದ್ದಲ್ಲಿಯೇ ಹುಟ್ಟಿಸುತ್ತೇನೆ. ಮೊದಲ ವರ್ಷದ ಮಳೆಗಾಲದ ಆರಂಭದಲ್ಲಿ, ಬುಡದ ಅಡ್ಡಳತೆಯ ಮೂರು ನಾಲ್ಕು ಪಟ್ಟು ದೂರದಲ್ಲಿ, ಗಿಡದ ಒಂದು ಬದಿಗೆ ಮಾತ್ರ ಅರ್ಧಚಂದ್ರದ ಆಕಾರದಲ್ಲಿ ಗುಂಡಿ ತೆಗೆದು, ಅಲ್ಲಿ ಸಿಕ್ಕ ದಪ್ಪ ಬೇರುಗಳನ್ನು ಹರಿತವಾದ ಗರಗಸದಿಂದ ನುಣುಪಾಗಿ ಕತ್ತರಿಸಿ, ಗುಂಡಿಯನ್ನು ಮರಳು ಮತ್ತು ಎಲೆಗೊಬ್ಬರದಿಂದ ಮುಚ್ಚುತ್ತೇನೆ. ಕತ್ತರಿಸಿದ ತುದಿಯ ಸುತ್ತ ನಾರುಬೇರುಗಳ ಗೊಂಚಲು ಬರುತ್ತದೆ, ಇನ್ನೊಂದು ಬದಿಯ ಬೇರು ಅಷ್ಟರವರೆಗೆ ಗಿಡವನ್ನು ಸಾಕುತ್ತದೆ. ಮುಂದಿನ ವರ್ಷ ಉಳಿದ ಅರ್ಧವನ್ನೂ ತಾಯಿಬೇರನ್ನೂ ಕತ್ತರಿಸಿ ಗಿಡವನ್ನು ಎತ್ತಬಹುದು. ಮುದಿ ಹುಣಸೆಯಾದರೆ ಅದಕ್ಕೂ ಮತ್ತೊಂದು ವರ್ಷ ಕೊಡುವುದು ಒಳ್ಳೆಯದು. ಈ ನಡುವೆ ಜಮೀನಿನವರು ಮನಸ್ಸು ಬದಲಿಸಿದರೆ ಗಿಡಕ್ಕೆ ಏನೂ ನಷ್ಟವಿಲ್ಲ.

ನಂಜನಗೂಡಿನ ಕಡೆಯ ಒಂದು ಹಳ್ಳಿಯ ಬಾವಿಯಲ್ಲಿದ್ದ ಬಸರಿಗೆ ಮಾತ್ರ ಈ ಉಪಾಯ ನಡೆಯುವಂತಿರಲಿಲ್ಲ, ಏಕೆಂದರೆ ಗುಂಡಿ ತೆಗೆಯಲು ಅಲ್ಲಿ ಮಣ್ಣೇ ಇರಲಿಲ್ಲ. ಬಾವಿಯ ಕಟ್ಟೆಯ ಸುಣ್ಣದ ಗಾರೆಯ ಸಂದಿನಲ್ಲಿ ಅದು ಹುಟ್ಟಿ, ಬೇರುಗಳು ಇಟ್ಟಿಗೆಗಳ ಮೇಲೆ ಕರಗಿದ ಮೇಣದಂತೆ ಚಪ್ಪಟೆಯಾಗಿ ಹರಡಿ, ಒಂದು ಇಟ್ಟಿಗೆಯನ್ನು ಐದು ಬೆರಳಿನಿಂದ ಹಿಡಿದಂತೆ ಹಿಡಿದಿದ್ದವು. “ತಗೊಂಡೋಗಪ್ಪಾ, ಆದ್ರೆ ಕಟ್ಟೆ ಬೀಳಿಸ್ಬೇಡ” ಎಂದರು ಆ ಮನೆಯ ಅಜ್ಜಿ. ತೋಟದವರು ಗೂಟಿ ಕಟ್ಟುವ ಹಾಗೆ ಮಾಡಿದೆ. ಇಟ್ಟಿಗೆಯಿಂದ ಕೆಳಗೆ ಇಳಿದಿದ್ದ ಬೇರುಗಳ ಸಿಪ್ಪೆಯನ್ನು ಉಂಗುರದಂತೆ ಸುಲಿದು, ಸೋರಿದ ಹಾಲನ್ನು ಒರೆಸಿ, ನೆನೆಸಿ ಹಿಂಡಿದ ಪಾಚಿಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿದೆ. ಎರಡು ತಿಂಗಳಲ್ಲಿ ಹಾಳೆಯ ಒಳಗೆ ಬಿಳಿಯ ಬೇರುಗಳು ಕಾಣಿಸಿದವು. ಆಮೇಲೆ ಉಳಿ ಸುತ್ತಿಗೆಗಳಿಂದ ಗಾರೆಯನ್ನು ಮಾತ್ರ ಬಿಡಿಸಿದೆ. ಹಳೆಯ ಸುಣ್ಣದ ಗಾರೆ ಸಿಮೆಂಟಿನಷ್ಟು ಹಟ ಮಾಡುವುದಿಲ್ಲ. ಬೇರು ಇಟ್ಟಿಗೆಯ ಸಮೇತ ಹೊರಬಂತು. ಆ ಖಾಲಿ ಜಾಗಕ್ಕೆ ಗಾರೆಯವನನ್ನು ಕರೆಸಿ ಹೊಸ ಇಟ್ಟಿಗೆ ಕೂರಿಸಿ ಕೊಟ್ಟೆ.

ಎತ್ತುವ ಕಾಲದ ಬಗ್ಗೆ ನಮ್ಮ ಮಳೆ ನಕ್ಷತ್ರಗಳ ಲೆಕ್ಕವೇ ಸಾಕು. ಆಲದ ಜಾತಿಯ ಗಿಡಗಳಿಗೆ ಬಯಲುಸೀಮೆಯಲ್ಲಿ ರೋಹಿಣಿಯಿಂದ ಆರಿದ್ರಾವರೆಗೆ, ಅಂದರೆ ಮೇ ಕೊನೆಯಿಂದ ಜುಲೈ ಮೊದಲವರೆಗೆ, ಸೆಕೆಯೂ ತೇವವೂ ಒಟ್ಟಿಗೆ ಇರುತ್ತವೆ. ಮಲೆನಾಡಿನಲ್ಲಿ ಆ ಹೊತ್ತಿಗೆ ಮಳೆ ಬಿಡದೆ ಸುರಿದು ಕತ್ತರಿಸಿದ ಬೇರು ಕೊಳೆಯುವ ಭಯವಿರುವುದರಿಂದ ಮೊದಲ ಮಳೆ ಬಿದ್ದ ಮೇ ತಿಂಗಳಿನಲ್ಲಿಯೇ ಮುಗಿಸುವುದು ಲೇಸು.

ಇನ್ನು, ಏನೇನು ಒಯ್ಯಬೇಕು ಎಂಬ ಪ್ರಶ್ನೆ. ಹಾರೆ, ಗುದ್ದಲಿ, ಗರಗಸ, ಕತ್ತರಿ, ಹಸಿ ಗೋಣಿಚೀಲ, ಹುರಿ, ಎರಡು ಕೊಡ ನೀರು. ಗುಂಡಿ ಮುಚ್ಚಲು ಅರ್ಧ ಗಂಟೆಯ ಸಮಯ, ಅದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಮುಖ್ಯವಾದದ್ದು ಮನೆಯಲ್ಲಿ ಬಿಟ್ಟು ಹೋಗುವ ಸಾಮಾನು. ಗಿಡ ಬರುವ ಮೊದಲೇ ತೊಟ್ಟಿ ತುಂಬಿಸಲು ಎಲ್ಲವೂ ಸಿದ್ಧವಿರಬೇಕು. ಅಂದದ ಬೋನ್ಸಾಯ್ ತಟ್ಟೆಗೆ ಈಗಲೇ ಕೈ ಹಾಕಬೇಡಿ; ತಳದಲ್ಲಿ ತೂತುಗಳಿರುವ ಅಗಲವಾದ ಮರದ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಟಬ್ಬು ಸಾಕು. ಮಿಶ್ರಣಕ್ಕೆ ಇಟ್ಟಿಗೆ ಚೂರು ಮತ್ತು ದಪ್ಪ ಮರಳು. ಚೂರು ಕಡಲೆಬೇಳೆ ಗಾತ್ರದ್ದಿರಲಿ, ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ, ಏಕೆಂದರೆ ನೀರು ನಿಂತರೆ ಗಾಯದ ಬೇರು ಉಸಿರಾಡುವುದಿಲ್ಲ. ಗಿಡವನ್ನು ತಂತಿಯಿಂದ ತೊಟ್ಟಿಗೆ ಬಿಗಿಯಬೇಕು. ಗಾಳಿಗೆ ಅದು ಒಂದು ಎಳೆಯಷ್ಟು ಅಲುಗಿದರೂ ಆಗತಾನೇ ಮೂಡಿದ ಬೇರು ಮುರಿಯುತ್ತದೆ. ಕಾಂಡದ ಕತ್ತರಿಸಿದ ಗಾಯಗಳಿಗೆ ನಾನು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚುತ್ತೇನೆ, ಅಡಿಕೆ ತೋಟವಿರುವ ಯಾರ ಮನೆಯಲ್ಲಾದರೂ ಅದು ಸಿಗುತ್ತದೆ.

ನಂತರ ನೆರಳು ಪರದೆಯ ಕೆಳಗೆ ಇಟ್ಟು, ಕಾಂಡದ ಮೇಲೆ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ, ತೊಟ್ಟಿಗೆ ಮಾತ್ರ ಮೇಲ್ಪದರ ಒಣಗತೊಡಗಿದಾಗ ನೀರು ಕೊಡಿ. ಮೊದಲ ಚಿಗುರನ್ನು ನಂಬಬೇಡಿ. ಎಲೆ ಬಲಿತು, ಎರಡನೆಯ ಸುತ್ತಿನ ಚಿಗುರು ಬಂದು, ತೊಟ್ಟಿಯ ತೂತಿನಲ್ಲಿ ಬಿಳಿಯ ಬೇರಿನ ತುದಿ ಕಂಡ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಸಿಲು, ಆಮೇಲೆ ತೆಳುವಾದ ಗೊಬ್ಬರ. ಮೊದಲ ವರ್ಷ ಕೊಂಬೆಗೆ ತಂತಿ ಸುತ್ತುವುದು, ಆಕಾರ ಕೊಡಲು ಸವರುವುದು ಯಾವುದೂ ಬೇಡ. ಎಲೆ ಹೆಚ್ಚಿದಷ್ಟೂ ಬೇರು ಹೆಚ್ಚುತ್ತದೆ.

ಬಾವಿಯ ಬಸರಿ ತೊಟ್ಟಿಗೆ ಬಂದು ಎರಡು ಮಳೆಗಾಲ ಕಳೆದಿವೆ, ಅದನ್ನು ಈವರೆಗೆ ಒಮ್ಮೆಯೂ ಸವರಿಲ್ಲ. ತಾರಸಿಗೆ ಬಂದವರು ಅದನ್ನು ಪೊದೆ ಎಂದುಕೊಂಡು ದಾಟಿ ಹೋಗುತ್ತಾರೆ. ಬರುವ ರೋಹಿಣಿ ಮಳೆಗೆ ಅದನ್ನು ಎತ್ತಿ, ಬೇರಿನ ಹಿಡಿತದಲ್ಲಿರುವ ಇಟ್ಟಿಗೆಯನ್ನು ಬಿಡಿಸುವುದೋ ಹಾಗೆಯೇ ಬಿಡುವುದೋ ಎಂದು ನೋಡಬೇಕು.