ಹೊಗೆಯೊಳಗೆ ಕೇಳಿಸಿದ ಕೆಮ್ಮು

ಜೂನ್ ತಿಂಗಳ ಚಳಿ. ಅಂಗಡಿ ಮುಚ್ಚಲು ಇನ್ನು ಹತ್ತೇ ನಿಮಿಷ ಇತ್ತು. ಮುಖದ ಮೇಲೆ ಟೊಪ್ಪಿಗೆ ಎಳೆದುಕೊಂಡ ಒಬ್ಬ ಹುಡುಗ ಕೌಂಟರ್ ಹಾರಿ ಒಳಗೆ ಬಂದ. ಸೀದಾ ಸಿಗರೇಟಿನ ಕಪಾಟಿಗೆ ಕೈ ಹಾಕಿದ. ನಾನು ಕೆಳಗಿದ್ದ ಗುಂಡಿ ಒತ್ತಿದೆ. ಫಾಗ್ ಕ್ಯಾನನ್ ಬುಸ್ಸೆಂದು ಬಿಳಿ ಹೊಗೆ ಉಗುಳಿತು. ನನ್ನ ಕೈ ನನಗೇ ಕಾಣಲಿಲ್ಲ. ಆ ಹೊಗೆಯೊಳಗೆ ಅವನು ಕೆಮ್ಮುವುದು ಕೇಳಿಸಿತು. ತೆಳ್ಳಗಿನ ಕೆಮ್ಮು. ಸಣ್ಣ ಹುಡುಗರ ಕೆಮ್ಮು.

ನ್ಯೂಜಿಲೆಂಡಿನ ದಕ್ಷಿಣ ಆಕ್ಲೆಂಡಿನಲ್ಲಿ, ಗ್ರೇಟ್ ಸೌತ್ ರೋಡಿಗೆ ಹತ್ತಿರ ನಮ್ಮ ಭಾವನವರ ಅಂಗಡಿ ಇದೆ. ಇಲ್ಲಿ ಮೂಲೆ ಅಂಗಡಿಗೆ ಡೇರಿ ಅಂತಾರೆ. ಹಾಲು, ಬ್ರೆಡ್ಡು, ಪೈ, ಲಾಟರಿ ಎಲ್ಲಾ ಸಿಗುತ್ತದೆ. ಎಷ್ಟೋ ಡೇರಿಗಳು ನಮ್ಮ ಭಾರತೀಯರದ್ದೇ. ಕಳ್ಳತನದ ಹೊಡೆತವೂ ನಮಗೇ ಜಾಸ್ತಿ. 2022ರ ನವೆಂಬರಿನಲ್ಲಿ ಆಕ್ಲೆಂಡಿನದೇ ಸ್ಯಾಂಡ್ರಿಂಗಮ್‌ನ ಡೇರಿಯೊಂದರಲ್ಲಿ ಕೆಲಸಕ್ಕಿದ್ದವರನ್ನು ಚಾಕು ಹಾಕಿ ಕೊಂದರು. ಆ ಸುದ್ದಿ ಬಂದ ಮೇಲೆ ಎಷ್ಟೋ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗಾಗಿ ಭಯವನ್ನು ಯಾರೂ ಹಗುರವಾಗಿ ನೋಡಬಾರದು. ನಾನೂ ನೋಡುವುದಿಲ್ಲ.

ಆ ಹುಡುಗ ಮಾವೋರಿ, ಈ ನೆಲದ ಮೂಲನಿವಾಸಿಗಳ ಪೈಕಿ. ಆದರೆ ಗಣೇಶನ ಹಬ್ಬದ ಊಟದಲ್ಲಿ ಕಳ್ಳತನದ ಮಾತು ಬಂದಾಗ ನಮ್ಮ ಕಡೆಯವರೇ ಒಬ್ಬರು ಹೇಳಿದ ಮಾತು ನನ್ನನ್ನು ಕೊರೆಯಿತು. "ಮಾವೋರಿ ಅಂದಮ್ಯಾಲೆ ಮುಗೀತ್ರಿ. ಅವರ ರಕ್ತದಾಗ ಐತಿ ಅದು."

ಈ ದೇಶದ ಜನರಲ್ಲಿ ಮಾವೋರಿಗಳು ನೂರಕ್ಕೆ 17-18. ಜೈಲಿನಲ್ಲಿ ಅರ್ಧಕ್ಕಿಂತ ಜಾಸ್ತಿ. ಜೈಲಿನಲ್ಲಿರುವ ಹೆಂಗಸರನ್ನು ಮಾತ್ರ ಎಣಿಸಿದರೆ ನೂರಕ್ಕೆ 60 ದಾಟುತ್ತದೆ. ಅಂಕಿ ಸುಳ್ಳಲ್ಲ. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ ಅವರ ಪಾಲು ಇದರ ಹತ್ತಿರಕ್ಕೂ ಇರಲಿಲ್ಲ. ರಕ್ತ ಅಷ್ಟು ಬೇಗ ಬದಲಾಗುತ್ತದಾ?

ಆ ಹುಡುಗನಿಗೆ ಹದಿನಾಲ್ಕು ವರ್ಷ. ಇಲ್ಲಿ 1989ರ ಕಾನೂನಿನ ಪ್ರಕಾರ ಇಂಥ ಮಕ್ಕಳಿಗೆ ಫ್ಯಾಮಿಲಿ ಗ್ರೂಪ್ ಕಾನ್ಫರೆನ್ಸ್ ನಡೆಸುತ್ತಾರೆ. ತಪ್ಪು ಮಾಡಿದವನು, ಅವನ ಮನೆಯವರು, ಪೊಲೀಸರು, ನಷ್ಟ ಆದವರು ಎಲ್ಲಾ ಒಂದೇ ಕೋಣೆಯಲ್ಲಿ ಕೂತು ಮುಂದೇನು ಅಂತ ಮಾತಾಡಬೇಕು. ಮಾವೋರಿಗಳ ಹಳೇ ಪದ್ಧತಿಯಿಂದಲೇ ಬಂದದ್ದು ಇದು. ಭಾವ "ನೀನೇ ಹೋಗಿ ಬಾರವ್ವಾ, ನನಗ ಆಗೂದಿಲ್ಲ" ಅಂದರು. ಹೋದೆ. ಒಳಗಿನ ಮಾತು ಹೊರಗೆ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಆಮೇಲೆ ಹೊರಗೆ ಚಹಾ ಕುಡಿಯುವಾಗ ಹುಡುಗನ ಅಜ್ಜ ಹೇಳಿದ್ದನ್ನು ಮಾತ್ರ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಜ್ಜನ ಅಪ್ಪ ಅಮ್ಮ ಹಳ್ಳಿ ಬಿಟ್ಟು ಆಕ್ಲೆಂಡಿಗೆ ಬಂದವರು. ಯುದ್ಧ ಮುಗಿದ ಮೇಲೆ ಹಳ್ಳಿಗಳಿಗೆ ಹಳ್ಳಿಗಳೇ ಹಾಗೆ ಪಟ್ಟಣಕ್ಕೆ ಬಂದವು, ಕಾರ್ಖಾನೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ. ಅಜ್ಜನಿಗೆ ಒಂಬತ್ತು ವರ್ಷ ಇದ್ದಾಗ ಶಾಲೆ ತಪ್ಪಿಸಿದ ಎಂಬ ಕಾರಣಕ್ಕೆ ಸರ್ಕಾರದವರು ಕಾರಿನಲ್ಲಿ ಕರೆದುಕೊಂಡು ಹೋಗಿ ಹುಡುಗರ ಹೋಮಿನಲ್ಲಿ ಬಿಟ್ಟರಂತೆ. ಅಲ್ಲಿ ಏನಾಯಿತು ಅಂತ ಅವರು ಹೇಳಲಿಲ್ಲ. ಕಪ್ಪು ಹಿಡಿದ ಕೈ ನಡುಗುತ್ತಿತ್ತು. ಬೆರಳಿನ ಗಿಣ್ಣುಗಳ ಮೇಲೆ ಹಳೇ ಹಚ್ಚೆ, ಮಾಸಿ ನೀಲಿಯಾಗಿತ್ತು. "ಅಲ್ಲಿ ಸಿಕ್ಕವರನ್ನೇ ಮುಂದೆ ಜೈಲಿನಲ್ಲೂ ನೋಡಿದೆ" ಅಂದರು ಅಷ್ಟೆ.

ಇದು ಒಬ್ಬ ಅಜ್ಜನ ಕತೆ ಅಲ್ಲ. ಸರ್ಕಾರವೇ ನೇಮಿಸಿದ ರಾಯಲ್ ಕಮಿಷನ್ ಎಂಬ ತನಿಖಾ ಆಯೋಗದ ಕೊನೆಯ ವರದಿ 2024ರ ಜುಲೈನಲ್ಲಿ ಹೊರಬಂತು. 1950ರಿಂದ 2019ರವರೆಗೆ ಸರ್ಕಾರ ಮತ್ತು ಚರ್ಚುಗಳ ಆಸರೆಯಲ್ಲಿದ್ದವರಲ್ಲಿ ಸುಮಾರು 2 ಲಕ್ಷ ಜನ ಹಿಂಸೆ ಅನುಭವಿಸಿದ್ದಾರೆ ಎಂಬುದು ಅದರ ಅಂದಾಜು. ಇಂಥ ಹೋಮುಗಳಲ್ಲಿ ಬೆಳೆದ ಮೂವರಲ್ಲಿ ಒಬ್ಬರು ಮುಂದೆ ಜೈಲು ಸೇರಿದ್ದಾರೆ. ಮಾವೋರಿ ಮಕ್ಕಳ ಪಾಲು ಇನ್ನೂ ಜಾಸ್ತಿ. ಅದೇ ವರ್ಷ ನವೆಂಬರಿನಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ದಿನ ಅಂಗಡಿಯ ಟಿವಿಯಲ್ಲಿ ನಾನೂ ನೋಡಿದೆ.

ಇನ್ನೂ ಹಿಂದಕ್ಕೆ ಹೋದರೆ ನೆಲದ ಕತೆ ಸಿಗುತ್ತದೆ. ನಾನು ದಿನಾ ಓಡಾಡುವ ಗ್ರೇಟ್ ಸೌತ್ ರೋಡನ್ನು ದಕ್ಷಿಣದ ವೈಕಾಟೋ ಸೀಮೆಯ ಕಡೆಗೆ ಎಳೆದವರು ಬ್ರಿಟಿಷ್ ಸೈನಿಕರು, ಯುದ್ಧಕ್ಕೆ ಅಂತಲೇ. 1863ರ ಜುಲೈನಲ್ಲಿ ದಕ್ಷಿಣ ಆಕ್ಲೆಂಡಿನ ಇದೇ ಮಾಂಗೆರೆ ಸುತ್ತಮುತ್ತ ಇದ್ದ ಮಾವೋರಿಗಳಿಗೆ ರಾಣಿಗೆ ನಿಷ್ಠೆಯ ಪ್ರಮಾಣ ಮಾಡಿ, ಇಲ್ಲವೇ ಜಾಗ ಬಿಡಿ ಅಂತ ಆಜ್ಞೆ ಬಂತು. ಕೆಲವೇ ದಿನಗಳಲ್ಲಿ ಸೈನ್ಯ ವೈಕಾಟೋಗೆ ನುಗ್ಗಿತು. ಎದುರು ನಿಂತವರನ್ನು ದಂಗೆಕೋರರು ಅಂದರು. ಅವರ ನೆಲ ಕಸಿದುಕೊಳ್ಳಲು ಅದೇ ವರ್ಷ ಮಾಡಿದ ಕಾನೂನಿನ ಹೆಸರು ನ್ಯೂಜಿಲೆಂಡ್ ಸೆಟ್ಲ್‌ಮೆಂಟ್ಸ್ ಆಕ್ಟ್.

ಸೆಟ್ಲ್‌ಮೆಂಟ್ ಅನ್ನುವ ಪದ ಓದಿದಾಗ ಎದೆ ಧಸಕ್ಕೆಂದಿತು. ನಾನು ಹುಬ್ಬಳ್ಳಿಯವಳು. "ಸೆಟ್ಲಮೆಂಟಿನ ಕಡೆ ಹೋಗಬ್ಯಾಡ" ಎಂಬ ಅಜ್ಜಿಯ ಮಾತು ಕೇಳಿಯೇ ಬೆಳೆದವಳು. ಅದೇ ಬ್ರಿಟಿಷರು 1871ರಲ್ಲಿ ಶುರು ಮಾಡಿದ ಕಾನೂನಿನಿಂದ ನಮ್ಮ ಭಾರತದಲ್ಲಿ ಎಷ್ಟೋ ಸಮುದಾಯಗಳನ್ನು ಹುಟ್ಟು ಕಳ್ಳರು ಅಂತ ಪಟ್ಟಿಗೆ ಸೇರಿಸಿದರು. ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲಿ ಕೂಡಿಹಾಕಿದ್ದು ಅಂಥವರನ್ನೇ. 1952ರಲ್ಲಿ ಆ ಕಾನೂನು ಹೋಯಿತು. ಅಜ್ಜಿಯ ಬಾಯಿಂದ ಮಾತ್ರ ಆ ಮಾತು ಹೋಗಲಿಲ್ಲ. "ರಕ್ತದಾಗ ಐತಿ" ಅಂದವರೂ ನಮ್ಮೂರಿನವರೇ. ಊರಿನ ಆ ಮಾತನ್ನು ಸಮುದ್ರ ದಾಟಿಸಿ ಇಲ್ಲಿಗೂ ತಂದಿದ್ದೇವೆ ಅಲ್ವಾ?

ಇಲ್ಲಿನ ಪೊಲೀಸರ ಕಣ್ಣೂ ಹಾಗೇ. ತಮ್ಮವರಲ್ಲಿ ಮಾವೋರಿಗಳ ಬಗ್ಗೆ ಗೊತ್ತಿಲ್ಲದೇ ಒಂದು ಪಕ್ಷಪಾತ ಇದೆ ಎಂದು 2015ರಲ್ಲಿ ಆಗಿನ ಪೊಲೀಸ್ ಕಮಿಷನರ್ ಮೈಕ್ ಬುಷ್ ಅವರೇ ಒಪ್ಪಿಕೊಂಡರು. ಮಾವೋರಿ ವಕೀಲ ಮೋಆನಾ ಜಾಕ್ಸನ್ 1988ರಲ್ಲೇ ತಮ್ಮ ವರದಿಯಲ್ಲಿ, ನೆಲ ಮತ್ತು ಅಧಿಕಾರ ಕಳೆದುಕೊಂಡ ಕತೆ ಬಿಟ್ಟು ಈ ಅಪರಾಧಗಳನ್ನು ಅರ್ಥ ಮಾಡಿಕೊಳ್ಳಲು ಆಗದು ಎಂದು ಬರೆದಿದ್ದರು. ಇದರಿಂದ ಹುಡುಗ ಮಾಡಿದ್ದು ಸರಿ ಅಂತ ಆಗುವುದಿಲ್ಲ. ಸರಿ ಅಂತ ಅವನ ಅಜ್ಜನೂ ಹೇಳಲಿಲ್ಲ.

ನಾಲ್ಕು ಶನಿವಾರ ಅವನು ಅಂಗಡಿಗೆ ಬಂದು ಕಸ ಗುಡಿಸಬೇಕು, ಪೆಟ್ಟಿಗೆ ಜೋಡಿಸಬೇಕು ಅಂತ ತೀರ್ಮಾನವಾಗಿತ್ತು. ನಾಲ್ಕೂ ವಾರ ಬಂದ. ಮಾತು ಕಡಿಮೆ. ಮೂರನೇ ವಾರ ಉಪ್ಪಿಟ್ಟು ಕೊಟ್ಟೆ, ಪೂರ್ತಿ ತಿಂದು ತಟ್ಟೆ ತಾನೇ ತೊಳೆದಿಟ್ಟ.

ಐದನೇ ಶನಿವಾರ ಕೆಲಸ ಇರಲಿಲ್ಲ. ಸಂಜೆ ಬಾಗಿಲ ಗಂಟೆ ಸದ್ದಾಯಿತು. ಟೊಪ್ಪಿಗೆ ಎಳೆದುಕೊಂಡ ಹುಡುಗನೊಬ್ಬ ಒಳಗೆ ಬಂದ. ನನ್ನ ಕೈ ಕೆಳಗಿನ ಗುಂಡಿಯ ಕಡೆ ಹೋಯಿತು. ಅವನು ಅದನ್ನು ನೋಡಿದ. ನಿಂತ ಕಡೆಯೇ ನಿಂತು ಟೊಪ್ಪಿಗೆ ಹಿಂದಕ್ಕೆ ಸರಿಸಿದ. "ಅಜ್ಜನಿಗೆ ಎರಡು ಲೀಟರ್ ಹಾಲು ಬೇಕಂತೆ ಆಂಟಿ" ಅಂದ.