ರಿಮೂವರ್ ಚೆಲ್ಲಿದ ಟೇಬಲ್ಲು, ಅದನ್ನ ಪೂರ್ತಿ ಕೆಡಿಸಿದ ನಾನು

ನೇಲ್ ಪಾಲಿಶ್ ರಿಮೂವರ್ ಚೆಲ್ಲಿದೆ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಕೇಳೋ ಮೊದಲ್ನೇ ಮಾತು, "ಒರೆಸಿದ್ರಾ?". ಆ ಕಡೆಯಿಂದ ಹೆಮ್ಮೆಯಿಂದ ಬರತ್ತೆ ಉತ್ತರ, "ಹೂಂ ಅಣ್ಣ, ತಕ್ಷಣ ಬಟ್ಟೆ ತಗೊಂಡು ಚೆನ್ನಾಗಿ ಉಜ್ಜಿ ಒರೆಸ್ಬಿಟ್ವಿ". ಅಲ್ಲಿಗೆ ಇನ್ನೂರು ರೂಪಾಯಿಲಿ ಮುಗೀಬೇಕಿದ್ದ ಕೆಲ್ಸ ಎರಡು ಸಾವಿರಕ್ಕೆ ಹೋಯ್ತು ಅಂತ ನಾನು ಲೆಕ್ಕ ಹಾಕ್ಕೊಳ್ತೀನಿ. ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರೋ ಅಸಿಟೋನ್ 56 ಡಿಗ್ರಿಗೇ ಕುದಿಯೋ ವಸ್ತು, ಸ್ವಲ್ಪ ಚೆಲ್ಲಿದ್ರೆ ಫ್ಯಾನ್ ಕೆಳಗೆ ಕೆಲವೇ ನಿಮಿಷಕ್ಕೆ ತಾನೇ ಹಾರಿಹೋಗತ್ತೆ. ಅಷ್ಟೊತ್ತು ಅದರ ಕೆಳಗಿನ ಮರದ ಪಾಲಿಶ್ ಬಿಸಿಲಿಗಿಟ್ಟ ಬೆಣ್ಣೆ ಥರ ಮೆತ್ತಗಿರತ್ತೆ, ಅದನ್ನ ಉಜ್ಜಿದ್ರೆ ಪಾಲಿಶ್ಶೂ ಬಣ್ಣವೂ ಬಟ್ಟೆ ಜೊತೆಗೇ ಎದ್ದು ಬರತ್ತೆ. ಜಾಸ್ತಿ ಚೆಲ್ಲಿದ್ರೆ ಬಟ್ಟೆ ತುದಿ ತಾಗಿಸಿ ಹೀರಿಸ್ಕೊಳ್ಳಿ, ಆಮೇಲೆ ಕೈ ಕಟ್ಕೊಂಡು ಕೂತ್ಕೊಳ್ಳಿ. ಅದೊಂದೇ ಯಾರಿಗೂ ಆಗಲ್ಲ. ನನಗೂ ಆಗ್ತಿರ್ಲಿಲ್ಲ.

ಮೈಸೂರಲ್ಲಿ ಮರದ ಪಾಲಿಶ್ ಕೆಲ್ಸ ನಂದು. ನಾಲ್ಕು ವರ್ಷ ಒಬ್ಬ ಮೇಸ್ತ್ರಿ ಕೈಕೆಳಗೆ ಇದ್ದು 2011ರಲ್ಲಿ ಸ್ವಂತ ಶುರು ಮಾಡ್ದೆ, ಒಂದು ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ರು, ಪಾಲಿಶ್ ಹೊಡೆಯೋ ಒಂದು ಸ್ಪ್ರೇ ಗನ್ನು, ಮರ ಉಜ್ಜೋ ಹೊಸಾ ಸ್ಯಾಂಡರ್ ಮಿಷಿನ್ನು. ಆ ಮಿಷಿನ್ ತಗೊಂಡ ಖುಷಿಲೇ ನಾನು ಹಾಳಾಗಿದ್ದು ಅನ್ಬೋದು. ಕುವೆಂಪುನಗರದಲ್ಲಿ ಒಂದು ಮನೆ, ಮಗಳ ಮದುವೆಗೆ ಎಂಟು ದಿನ ಇದೆ, ಆರು ಜನದ ಡೈನಿಂಗ್ ಟೇಬಲ್ ಮೇಲೆ ಹುಡುಗಿ ಕೂತು ಉಗುರಿನ ಬಣ್ಣ ತೆಗಿಯೋವಾಗ ಬಾಟ್ಲಿ ಮಗುಚಿದೆ, ಅಂಗೈ ಅಗಲ ಬಿಳಿ ಕಲೆ. ಅವರಮ್ಮ ಮುಖ ಸಣ್ಣ ಮಾಡ್ಕೊಂಡು "ನೆಂಟ್ರು ಬರೋ ಹೊತ್ತಿಗೆ ಹೋಗ್ಬೇಕು ಅಣ್ಣ" ಅಂದ್ರು. ನಾನು ಒಂದ್ಸಲ ಮೇಲಿಂದ ನೋಡ್ದೆ, ತೇಗದ ಗೆರೆ ಚೆನ್ನಾಗಿ ಕಾಣ್ತಿತ್ತು, ಎಂಟುನೂರು ರೂಪಾಯಿ, ಎರಡು ಗಂಟೆ ಕೆಲ್ಸ ಅಂದ್ಬಿಟ್ಟೆ. 120 ನಂಬರ್ ಸ್ಯಾಂಡ್ ಪೇಪರ್ ಹಾಕಿ ಮಿಷಿನ್ ಆನ್ ಮಾಡ್ದೆ.

ಒಂದು ನಿಮಿಷ ಕೂಡ ಆಗಿರ್ಲಿಲ್ಲ. ಬಿಳಿ ಕಲೆ ಹೋಯ್ತು, ಖುಷಿಯಾಯ್ತು, ಇನ್ನೊಂದು ಸುತ್ತು ಓಡಿಸ್ದೆ, ನೋಡಿದ್ರೆ ಉದ್ದಕ್ಕೆ ಹೋಗ್ತಿದ್ದ ಗೆರೆ ಇದ್ದಕ್ಕಿದ್ದಂಗೆ ಅಡ್ಡಕ್ಕೆ ತಿರುಗಿದೆ! ಮರ ತಿರುಗಲ್ಲ, ತಿರುಗಿದ್ದು ನನ್ನ ಹಣೆಬರಹ. ಅದು ಗಟ್ಟಿ ತೇಗ ಅಲ್ಲ, ಪ್ಲೈವುಡ್ ಮೇಲೆ ಅಂಟಿಸಿದ ವಿನೀರ್. ಮೇಲಿನ ತೇಗದ ಪದರ ಅರ್ಧ ಮಿಲಿಮೀಟರ್ ಇದ್ರೆ ಹೆಚ್ಚು, ಅದನ್ನ ನಾನು ಪುಡಿ ಮಾಡಿ ಗಾಳಿಗೆ ಬಿಟ್ಟಿದ್ದೆ, ಕಾಣ್ತಿದ್ದಿದ್ದು ಪ್ಲೈನ ಎರಡನೇ ಪದರ, ಪ್ಲೈನಲ್ಲಿ ಒಂದು ಪದರ ಉದ್ದ ಒಂದು ಪದರ ಅಡ್ಡ ಕೂರಿಸಿರ್ತಾರಲ್ಲ, ಅದಕ್ಕೆ. ಅವರಮ್ಮ ಕಾಫಿ ತಂದ್ರು. ನಾನು ಆ ಜಾಗದ ಮೇಲೆ ಬಟ್ಟೆ ಇಟ್ಟು ಕಾಫಿ ಕುಡ್ದೆ, ಆ ಕಾಫಿ ರುಚಿ ಇವತ್ತಿಗೂ ಹೇಳಕ್ಕಾಗಲ್ಲ.

ಆಚೆ ಬಂದು ಮೇಸ್ತ್ರಿಗೆ ಫೋನ್ ಮಾಡ್ದೆ. ಬೈಕೊಂಡೇ ಬಂದ್ರು. ನಾನು ಕಲೆ ತೋರಿಸಕ್ಕೆ ಹೋದ್ರೆ ಅವ್ರು ಅದರ ಕಡೆ ನೋಡ್ಲೇ ಇಲ್ಲ, ಮಂಡಿ ಊರಿ ಕೂತು ಟೇಬಲ್ ತುದಿ ನೋಡಿದ್ರು, ಆಮೇಲೆ ತಲೆ ಒಳಗೆ ಹಾಕಿ ಅಡಿ ನೋಡಿದ್ರು. "ಲೋ, ಅಂಚಿಗೆ ಪಟ್ಟಿ ಹೊಡ್ದಿರೋದು ಕಾಣ್ಸಲ್ವೇನೋ ನಿಂಗೆ? ಗಟ್ಟಿ ಮರ ಆದ್ರೆ ಮೇಲಿನ ಗೆರೆ ತುದಿಲಿ ಇಳಿದು ಬರತ್ತೆ ಕಣೋ, ಇಲ್ಲಿ ಎಲ್ ಬಂದಿದೆ ತೋರ್ಸು". ಬಂದಿರ್ಲಿಲ್ಲ. ಮದುವೆಗೆ ಆ ಟೇಬಲ್ ಮೇಲೆ ದೊಡ್ಡ ಬಟ್ಟೆ ಹೊದಿಸಿದ್ರು, ಮದುವೆ ಆದ್ಮೇಲೆ ಬಡಗಿ ಕರ್ಕೊಂಡು ಹೋಗಿ ಇಡೀ ಟಾಪ್‌ಗೆ ಹೊಸ ವಿನೀರ್ ಅಂಟಿಸಿ ಪಾಲಿಶ್ ಮಾಡ್ಕೊಟ್ಟೆ. ಹನ್ನೊಂದು ಸಾವಿರ ಕೈಯಿಂದ ಹೋಯ್ತು. ಅವರು ಎಂಟುನೂರು ಕೊಡಕ್ಕೆ ಬಂದ್ರು ಪಾಪ, ತಗೊಳ್ಳಕ್ಕೆ ಮನಸ್ಸಾಗ್ಲಿಲ್ಲ.

ಅವತ್ತಿಂದ ಮಿಷಿನ್ ಬ್ಯಾಗಿಂದ ಆಚೆ ತೆಗಿಯೋದೇ ಕೊನೆಗೆ. ಮೊದ್ಲು ಅಂಚು ನೋಡ್ತೀನಿ, ಆಮೇಲೆ ಮೇಲೆ ಯಾವ ಪಾಲಿಶ್ ಇದೆ ಅಂತ ಕಂಡು ಹಿಡೀತೀನಿ. ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ, ಟೇಬಲ್ ಕಾಲಿನ ಹಿಂಭಾಗ ಅಂಥ ಕಾಣದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಸ್ವಲ್ಪ ಹೊತ್ತು ಒತ್ತಿ ಹಿಡೀರಿ, ಅಂಟಂಟು ಆಗಿ ಹತ್ತಿಗೆ ಕಂದು ಬಣ್ಣ ಬಂದ್ರೆ ಅದು ಅರಗಿನ ಪಾಲಿಶ್, ನಾವು ಸ್ಪಿರಿಟ್ ಪಾಲಿಶ್ ಅಂತೀವಿ, ಹಳೇ ಮನೆಗಳ ಬೀಟೆ ಕುರ್ಚಿ, ಅಜ್ಜನ ಕಾಲದ ಬೀರು ಬಹಳಷ್ಟು ಇದೇ. ಸ್ಪಿರಿಟ್‌ಗೆ ಜಗ್ಗದೆ, ಲ್ಯಾಕರ್ ತೆಳ್ಳಗೆ ಮಾಡೋ ಥಿನ್ನರ್‌ಗೆ ಮೆತ್ತಗಾದ್ರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಏನೂ ಆಗ್ಲಿಲ್ಲ ಅಂದ್ರೆ ಗಟ್ಟಿ ಮಾಡೋ ಹಾರ್ಡನರ್ ಬೆರೆಸಿ ಹೊಡೆಯೋ ಮೆಲಮೈನ್ ಇಲ್ಲಾ ಪಿಯು, ಅಂದ್ರೆ ಪಾಲಿಯುರೆಥೇನ್. (ಅರಗು ಅಂದ್ರೆ ಅದೇ, ಮಹಾಭಾರತದಲ್ಲಿ ಪಾಂಡವ್ರನ್ನ ಸುಡಕ್ಕೆ ಮನೆ ಕಟ್ಟಿದ್ರಲ್ಲ, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡೋದೂ ಅದೇ. ವೋಟಿನ ಶಾಯಿ ಮಾಡೋ ನಮ್ಮೂರಿನ ಫ್ಯಾಕ್ಟರಿನೂ 1937ರಲ್ಲಿ ಶುರುವಾಗಿದ್ದು ಅರಗು ಮತ್ತೆ ಬಣ್ಣದ ಕಾರ್ಖಾನೆ ಆಗೇ. ಮೈಸೂರಿನೋನು ಅಂದ್ಮೇಲೆ ಇದು ಹೇಳ್ದೆ ಇದ್ರೆ ಹೆಂಗೆ.)

ಇನ್ನೊಂದು ವಿಷ್ಯ ನನಗೆ ತುಂಬಾ ಲೇಟಾಗಿ ಗೊತ್ತಾಯ್ತು. ಉಗುರಿಗೆ ಹಚ್ಚೋ ಪಾಲಿಶ್ ಇದ್ಯಲ್ಲ, ಅದರ ಗಟ್ಟಿ ಪದರ ಆಗೋ ಸಾಮಾನು ನೈಟ್ರೋಸೆಲ್ಯುಲೋಸ್. ನಾವು ಮರಕ್ಕೆ ಹೊಡೆಯೋ ಎನ್‌ಸಿ ಲ್ಯಾಕರ್‌ನಲ್ಲಿ ಎನ್‌ಸಿ ಅಂದ್ರೂ ಅದೇ. ಅಣ್ಣತಮ್ಮಂದ್ರು. ಒಬ್ಬನ್ನ ಕರಗ್ಸೋಕೆ ಅಂತ ಮಾಡಿದ ರಿಮೂವರ್ ಇನ್ನೊಬ್ಬನ್ನ ಬಿಡತ್ತಾ? ಅಸಿಟೋನ್ ಇಲ್ದಿರೋದು ಅಂತ ಬರೆದಿರೋ ಬಾಟ್ಲಿ ತಂದು "ಇದು ಸೇಫ್ ಅಲ್ವಾ ಅಂಕಲ್" ಅಂತ ಮಕ್ಕಳು ಕೇಳ್ತಾರೆ, ಅದರಲ್ಲಿ ಸಾಮಾನ್ಯವಾಗಿ ಈಥೈಲ್ ಅಸಿಟೇಟ್ ಇರತ್ತೆ, ಅದೂ ಲ್ಯಾಕರ್ ಕರಗಿಸತ್ತೆ. ನೇಲ್ ಪಾಲಿಶ್ಶೇ ಟೇಬಲ್ ಮೇಲೆ ಬಿದ್ರೆ ದಯವಿಟ್ಟು ರಿಮೂವರ್ ಹಾಕ್ಬೇಡಿ, ಪೂರ್ತಿ ಒಣಗಕ್ಕೆ ಬಿಟ್ಟು ಪ್ಲಾಸ್ಟಿಕ್ ಕಾರ್ಡ್ ಅಂಚಿಂದ ಮೆಲ್ಲಗೆ ಎಬ್ಬಿಸಿ, ಎಷ್ಟೋ ಸಲ ಚಕ್ಕೆ ಚಕ್ಕೆಯಾಗಿ ಬಂದ್ಬಿಡತ್ತೆ.

ತಮಾಷೆ ಏನು ಅಂದ್ರೆ ಬೇಗ ಕೆಡೋ ಪಾಲಿಶ್ಶೇ ಸುಲಭವಾಗಿ ರಿಪೇರಿ ಆಗೋದು. ಅರಗು, ಎನ್‌ಸಿ ಎರಡೂ ಹೊಸ ಕೋಟ್ ಹಾಕಿದ್ರೆ ಹಳೇದು ಸ್ವಲ್ಪ ಕರಗಿ ಅದರ ಜೊತೆ ಒಂದಾಗತ್ತೆ. ಸ್ಪಿರಿಟ್ ಪಾಲಿಶ್ ಆದ್ರೆ ನಾನು ಗನ್ ಮುಟ್ಟೋದೇ ಇಲ್ಲ, ಹತ್ತಿ ಉಂಡೆ ಮಾಡಿ ಹಳೇ ಕಾಟನ್ ಬಟ್ಟೇಲಿ ಸುತ್ತಿ, ತೆಳ್ಳಗೆ ಅರಗು ಹೀರಿಸಿ, ಅಡಿಗೆ ಒಂದು ತೊಟ್ಟು ಎಣ್ಣೆ ಸವರಿ ಸುತ್ತು ಸುತ್ತಾಗಿ ಓಡಿಸ್ತಾ ಇರೋದು, ಕೈ ನಿಲ್ಲಿಸಿದ್ರೆ ಅಲ್ಲೇ ಅಂಟ್ಕೊಂಡು ಗುರುತು ಬೀಳತ್ತೆ, ಫೋನ್ ಬಂದ್ರೂ ಎತ್ತಲ್ಲ. ಪಿಯು ಹಂಗಲ್ಲ. ಸ್ವಲ್ಪ ಹೊತ್ತು ರಿಮೂವರ್ ನಿಂತ್ರೆ ಏನೂ ಆಗಲ್ಲ, ಆದ್ರೆ ಒದ್ದೆ ಹತ್ತಿ ಮೇಲೇ ಬಿಟ್ಟು ಹೋಗಿ ಕೆಟ್ರೆ ಮಧ್ಯ ಒಂದು ತೇಪೆ ಹಾಕಿದ್ರೆ ಸುತ್ತ ಉಂಗುರ ಕಾಣತ್ತೆ, ಇಡೀ ಟಾಪ್ ಉಜ್ಜಿ ಮತ್ತೆ ಹೊಡೀಬೇಕು. ಇದನ್ನ ಕಸ್ಟಮರ್‌ಗೆ ಒಪ್ಪಿಸೋದು ಪಾಲಿಶ್‌ಗಿಂತ ಕಷ್ಟದ ಕೆಲ್ಸ, "ಇಷ್ಟೇ ಇಷ್ಟು ಕಲೆಗೆ ಪೂರ್ತಿ ಟೇಬಲ್ ದುಡ್ಡಾ" ಅಂತಾರೆ.

ಸರಸ್ವತಿಪುರಂನಲ್ಲಿ ಒಂದು ಮನೇಲಿ ಹುಡುಗಿ ರಿಮೂವರ್ ಚೆಲ್ಲಿ, ಅಮ್ಮಂಗೆ ಗೊತ್ತಾಗ್ಬಾರ್ದು ಅಂತ ಮೇಲೆ ನ್ಯೂಸ್ ಪೇಪರ್ ಹಾಸಿ ಅದರ ಮೇಲೆ ಹೂದಾನಿ ಇಟ್ಟಿದ್ಳು. ಎನ್‌ಸಿ ಪಾಲಿಶ್ಶು. ನಾನು ಹೋಗಿ ನೋಡೋ ಹೊತ್ತಿಗೆ ಅದು ಪೇಪರನ್ನ ಹಿಡ್ಕೊಂಡು ಗಟ್ಟಿಯಾಗಿ, ಪೇಪರ್ ಹರಿದು ತೆಗೆದ ಕಡೆ ಚಿನ್ನದ ರೇಟು ಉಲ್ಟಾ ಅಕ್ಷರದಲ್ಲಿ ಓದ್ಬೋದಿತ್ತು. ಅವರಮ್ಮ ಕೋಪದಲ್ಲಿದ್ರೂ ನಕ್ಕುಬಿಟ್ರು. ಅಲ್ಲಿ ಎರಡು ದಿನ ಏನೂ ಮುಟ್ಬೇಡಿ ಅಂತ ಹೇಳಿ ವಾಪಸ್ ಬಂದೆ. ಪೂರ್ತಿ ಗಟ್ಟಿಯಾದ್ಮೇಲೆ 600 ನಂಬರ್ ವಾಟರ್ ಪೇಪರ್ ಸೋಪಿನ ನೀರಲ್ಲಿ ಅದ್ದಿ, ಮರದ ತುಂಡಿಗೆ ಸುತ್ಕೊಂಡು ಕೈಲೇ ಉಜ್ಜಿದ್ದು, ಕಾಗದ ಹೋಯ್ತು, ಶಾಯಿ ಹೋಯ್ತು, ಎರಡು ಕಡೆ ಬಣ್ಣವೂ ಹೋಗಿ ಮರ ಬೆಳ್ಳಗೆ ಕಾಣ್ತು. ಬಣ್ಣ ಸೇರಿಸೋವಾಗ ಸಣ್ಣ ಬ್ರಷ್ಷಲ್ಲಿ ಒಂದು ಶೇಡ್ ಕಮ್ಮಿಗೇ ನಿಲ್ಲಿಸ್ಬೇಕು, ಯಾಕಂದ್ರೆ ಮೇಲೆ ಲ್ಯಾಕರ್ ಬಿದ್ಮೇಲೆ ಅದು ಗಾಢ ಆಗತ್ತೆ, ಒಣಗಿದ್ದಾಗಲೇ ಸರಿಹೋಯ್ತು ಅಂತ ಬಿಟ್ರೆ ಆಮೇಲೆ ಅದೇ ಜಾಗ ಕಪ್ಪು ಮಚ್ಚೆ. ಆಮೇಲೆ ಲ್ಯಾಕರ್‌ಗೆ ಮುಂಚೆ ಹಾಕೋ ತಳದ ಕೋಟ್ ಸೀಲರ್, ಮತ್ತೆ ಕೈಲೇ ಪೇಪರ್ ಉಜ್ಜೋದು, ಕೊನೆಗೆ ಇಡೀ ಟಾಪ್‌ಗೆ ತೆಳ್ಳಗೆ ಲ್ಯಾಕರ್.

ಆ ಲ್ಯಾಕರ್ ನಾನು ಜುಲೈ ತಿಂಗಳ ಮಳೇಲಿ ಹೊಡ್ದೆ, ಅದೂ ಇನ್ನೊಂದು ಪಾಠ. ಥಿನ್ನರ್ ಬೇಗ ಹಾರೋವಾಗ ಮೇಲ್ಮೈ ತಣ್ಣಗಾಗಿ ಗಾಳೀಲಿರೋ ತೇವ ಅದರ ಮೇಲೆ ಕೂತ್ಕೊಳ್ಳತ್ತೆ, ಇಡೀ ಟೇಬಲ್ ಹಾಲು ಚೆಲ್ಲಿದಂಗೆ ಮಬ್ಬಾಯ್ತು. ಎದೆ ಧಸಕ್ ಅಂತು, ಮತ್ತೆ ಹನ್ನೊಂದು ಸಾವಿರ ಕಣ್ಮುಂದೆ ಬಂತು. ಮಾರನೇ ದಿನ ಬಿಸಿಲು ಬಿತ್ತು, ನಿಧಾನಕ್ಕೆ ಆರೋ ರಿಟಾರ್ಡರ್ ಥಿನ್ನರ್ ಸೇರಿಸಿ ಇನ್ನೊಂದು ತೆಳು ಕೋಟ್ ಕೊಟ್ಟೆ, ಮಬ್ಬು ಹೋಯ್ತು.

ಬಟ್ಟೆ ವಿಷ್ಯ ನನ್ನ ಕೆಲ್ಸ ಅಲ್ಲ, ಆದ್ರೆ ಟೇಬಲ್ ಮೇಲೆ ಚೆಲ್ಲಿದ್ದು ಕುರ್ಚಿ ಸೀಟಿಗೂ ಸೀರೆಗೂ ಇಳಿದಿರತ್ತಲ್ಲ, ಅದಕ್ಕೆ ಕೇಳ್ತಾರೆ. ಕಾಟನ್, ರೇಷ್ಮೆ ಅಸಿಟೋನ್‌ಗೆ ಕರಗಲ್ಲ, ಆದ್ರೆ ಬಣ್ಣ ಬಿಡ್ಬೋದು, ರೇಷ್ಮೆ ಉಜ್ಜಿದ್ರೆ ನೂಲು ಎದ್ದು ಬೆಳ್ಳಗಾಗತ್ತೆ, ಹಂಗೆ ಬಿಟ್ಟು ಡ್ರೈಕ್ಲೀನ್‌ನವರ ಹತ್ರ ಏನು ಚೆಲ್ಲಿದ್ದು ಅಂತ ನಿಜ ಹೇಳಿ ಕೊಡಿ. ಅಸಿಟೇಟ್ ಅನ್ನೋ ಬಟ್ಟೆ ಮಾತ್ರ ಭಯಂಕರ, ಕೆಲವು ಕೋಟಿನ ಒಳಗಿನ ಲೈನಿಂಗ್, ಹೊಳೆಯೋ ಸ್ಯಾಟಿನ್ ಇದ್ರಲ್ಲಿ ಬರತ್ತೆ, ಅದು ಕಲೆ ಆಗಲ್ಲ, ಕರಗಿ ತೂತಾಗತ್ತೆ. ನನ್ನ ಹೆಂಡ್ತಿ ತಮ್ಮನ ಕೋಟಿನ ಲೈನಿಂಗ್ ಹಂಗೇ ಹೋಗಿದ್ದು, ಟೈಲರ್ ಲೈನಿಂಗ್ ಪೂರ್ತಿ ಬದಲಾಯಿಸ್ಕೊಟ್ಟ, ಬೇರೆ ದಾರಿ ಇಲ್ಲ. ರೆಕ್ಸಿನ್ ಸೀಟು ಮೊದ್ಲು ಅಂಟಂಟು ಆಗಿ ಆಮೇಲೆ ಬಿರುಸಾಗಿ ಬಿರಿಯತ್ತೆ, ಸೀಟ್ ಬಟ್ಟೆ ಬದಲಾಯ್ಸೋದು ವಾಸಿ. ಟಿವಿ ರಿಮೋಟು, ಸ್ವಿಚ್ ಬೋರ್ಡು, ಅಕ್ರಿಲಿಕ್ ಶೀಟು ಮಂಜಾದ್ರೆ ಮಂಜೇ. ಟೈಲ್ಸು, ಗ್ರಾನೈಟು ಬಿಡಿ, ಏನೂ ಆಗಲ್ಲ. ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ರೆ ವ್ಯಾಕ್ಸ್ ಎದ್ದು ಆ ಜಾಗ ಮಂಕಾಗತ್ತೆ, ಮತ್ತೆ ವ್ಯಾಕ್ಸ್ ತಿಕ್ಕಿದ್ರೆ ಬರತ್ತೆ.

ಒಂದು ಮಾತ್ರ, ಚೆಲ್ಲಿದ ತಕ್ಷಣ ಕಿಟಕಿ ತೆಗೀರಿ, ದೇವರ ದೀಪ, ಗ್ಯಾಸ್ ಒಲೆ ಹತ್ರ ಇದ್ರೆ ಆರಿಸಿ. ಅದರ ಆವಿಗೆ ಬೆಂಕಿ ಹತ್ತಕ್ಕೆ ಕಿಡಿ ಸಾಕು. ಟೇಬಲ್ ಆದ್ರೆ ಮತ್ತೆ ಮಾಡ್ಕೋಬೋದು, ಪ್ರಾಣ ಹಂಗಲ್ಲ.

ಕುವೆಂಪುನಗರದ ಅಮ್ಮ ಹೋದ ತಿಂಗಳು ಮತ್ತೆ ಫೋನ್ ಮಾಡಿದ್ರು, ಅದೇ ಟೇಬಲ್. ಎದೆ ಒಂದ್ಸಲ ನಿಂತಂಗಾಯ್ತು. "ಮೊಮ್ಮಗಳಾ ಅಮ್ಮ, ನೇಲ್ ಪಾಲಿಶ್ಶಾ?" ಅಂದೆ. "ಇಲ್ಲ ಕಣಪ್ಪ, ಬಿಸಿ ಕುಕ್ಕರ್ ಇಟ್ಟಿದ್ದು ನಾನೇ" ಅಂದ್ರು. ಹೋದೆ. ಆ ವಿನೀರ್ ಕೂರಿಸಿದವನೇ ನಾನಾದ್ರೂ, ಮೊದ್ಲು ಮಂಡಿ ಊರಿ ಅಂಚು ನೋಡ್ದೆ. ಅವರು ಅಡುಗೆಮನೆಯಿಂದಲೇ "ಮಿಷಿನ್ ತಂದಿದ್ಯಾ?" ಅಂತ ಕೇಳಿದ್ರು.